ಸೋಡಾ ನಂಜುಂಡಪ್ಪನ ನಾಲಿಗೆ

ಕುರುಬರಹಳ್ಳಿಗೆ ಬಂದು ನಂಜುಂಡಪ್ಪನ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಸೋಡಾ ನಂಜುಂಡಪ್ಪ ಅನ್ನಬೇಕು. ಹಾಗಂದರೆ ಆಟೋದವರೂ ಗಾಡಿ ನಿಲ್ಲಿಸಿ ದಾರಿ ತೋರಿಸುತ್ತಾರೆ. ಅವನು ನನ್ನ ಅಣ್ಣ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಈಗ ಐವತ್ನಾಲ್ಕು. ಬರೆದಿಡುವುದಕ್ಕೆ ಅವನೇನು ದೊಡ್ಡ ಮನುಷ್ಯನಾ ಅಂತ ಕೇಳುವವರು ಕೇಳಿಕೊಳ್ಳಲಿ. ಅವನಿಗೆ ಆದದ್ದು ನನ್ನಿಂದ ಆದದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲಕ್ಕೆ ನಮ್ಮದು ರಾಗಿ ಹೊಲ ಇತ್ತಂತೆ. ಹೊಲದ ಮೇಲೆ ಬಡಾವಣೆ ಬಂತು. ಉಳಿದದ್ದು ಮನೆ ಮತ್ತು ಮನೆ ಮುಂದಿನ ದನದ ಕೊಟ್ಟಿಗೆ. ದನಗಳು ಹೋದಮೇಲೆ ಅಪ್ಪ ಆ ಕೊಟ್ಟಿಗೆಯಲ್ಲಿ ಒಂದು ಸೋಡಾ ಮಿಷನ್ನು ತಂದು ನಿಲ್ಲಿಸಿದರು. ನಾಲ್ಕು ಬಾಟ್ಲಿ ಹಿಡಿಯುವ ಕಬ್ಬಿಣದ ಪಂಜರ, ಪಕ್ಕದಲ್ಲಿ ಗ್ಯಾಸಿನ ಸಿಲಿಂಡರು, ಕೈಯಲ್ಲಿ ತಿರುಗಿಸುವ ಒಂದು ಚಕ್ರ. ನೀರು ತುಂಬಿದ ಬಾಟ್ಲಿ ಒಳಗಿಟ್ಟು, ಗ್ಯಾಸು ಬಿಟ್ಟು ತಿರುಗಿಸಿದರೆ ಬಾಟ್ಲಿ ತಲೆಕೆಳಗಾಗಿ ಒಳಗಿನ ಗೋಲಿ ಕತ್ತಿಗೆ ಬಂದು ರಬ್ಬರಿಗೆ ಕಚ್ಚಿಕೊಳ್ಳುತ್ತದೆ. ಅಪ್ಪನ ನಂತರ ಆ ಚಕ್ರ ಅಣ್ಣನ ಕೈಗೆ ಬಂತು. ಕಮಲಾನಗರ, ಬೋವಿಪಾಳ್ಯ, ಶಂಕರಮಠದವರೆಗೂ ಪೆಟ್ಟಿಗೆ ಅಂಗಡಿಗಳಿಗೆ ಅವನದೇ ಗೋಲಿ ಸೋಡಾ. ಕ್ರೇಟುಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಅವನು ಹೊರಟರೆ ಇಡೀ ಬೀದಿಗೆ ಗಾಜಿನ ಸದ್ದು.

ಎಷ್ಟು ಗ್ಯಾಸು ಹೋಯಿತು ಅಂತ ತೋರಿಸಲು ಆ ಮಿಷನ್ನಿಗೆ ಒಂದು ಮುಳ್ಳಿನ ಮೀಟರಿದೆ. ಅಪ್ಪ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಅಣ್ಣನೂ ನೋಡಲಿಲ್ಲ. ಅವರ ಪದ್ಧತಿಯೇ ಬೇರೆ. ದಿನದ ಮೊದಲ ಬಾಟ್ಲಿ ಮಾರುವಂತಿಲ್ಲ, ಮಾಡಿದವನೇ ಕುಡಿಯಬೇಕು. ಒಂದು ಗುಟುಕು ಬಾಯಿಗೆ ತುಂಬಿಕೊಂಡು, ಕಣ್ಣು ಮುಚ್ಚಿ, ನಾಲಿಗೆ ಮೇಲೆ ಹಿಡಿದಿಟ್ಟುಕೊಳ್ಳಬೇಕು. ನಾಲಿಗೆ ಕಚ್ಚಬೇಕು, ಮೂಗಿನವರೆಗೂ ಏರಬೇಕು, ಕಣ್ಣಲ್ಲಿ ನೀರಾಡಬೇಕು. ಕಡಿಮೆಯಾದರೆ ಗ್ಯಾಸಿನ ತಿರುಪು ಒಂದು ಕೂದಲಷ್ಟು ಸಡಿಲ, ಜಾಸ್ತಿಯಾದರೆ ಒಂದು ಕೂದಲಷ್ಟು ಬಿಗಿ. ಆಮೇಲೆ ದಿನವಿಡೀ ಅದನ್ನು ಮುಟ್ಟುವುದಿಲ್ಲ. ಮೂವತ್ತು ವರ್ಷ ಅಣ್ಣ ಹೀಗೆ ನಾಲಿಗೆಯಿಂದಲೇ ವ್ಯಾಪಾರ ಮಾಡಿದ, ಸರಿಯಿಲ್ಲ ಅಂತ ಒಂದು ಬಾಟ್ಲಿಯೂ ವಾಪಸು ಬಂದದ್ದಿಲ್ಲ.

ಅಂಥವನು ಎರಡು ವರ್ಷದ ಹಿಂದೆ, ಯುಗಾದಿ ಕಳೆದಮೇಲೆ, ಮಂಕಾದ. ಸ್ನಾನಕ್ಕೆ ಬಿಸಿನೀರು ತೋಡಿಕೊಂಡು ಬಕೆಟ್ಟಿನ ಮುಂದೆ ಕೂತರೆ ನೀರು ತಣ್ಣಗಾದರೂ ಎದ್ದು ಮೈಗೆ ಹಾಕಿಕೊಳ್ಳುತ್ತಿರಲಿಲ್ಲ. ತಟ್ಟೆಯಲ್ಲಿ ಮುದ್ದೆ ಹಾಗೇ ಒಣಗುತ್ತಿತ್ತು. ಕಾರಣ ಏನು, ಕಾರಣ ಏನು ಅಂತ ಜನ ನಮ್ಮ ತಲೆ ತಿಂದರು. ಮಗಳ ಚಿಂತೆಯಾ? ಮಗಳು ಮದುವೆಯಾಗಿ ಕೆಂಗೇರಿಯಲ್ಲಿ ಚೆನ್ನಾಗಿದ್ದಾಳೆ. ಕುಡಿತವಾ? ಸೋಡಾ ಬಿಟ್ಟು ಇನ್ನೊಂದು ಮುಟ್ಟಿದವನಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಅಂದರು, ಕಾಲಿಗೆ ಕಪ್ಪು ದಾರ ಕಟ್ಟಿಸಿದೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಕ್ಕರೆ ಕಾಯಿಲೆ ಬಂದವನಿಗೆ ಯಾಕೆ ಬಂತು ಅಂತ ಹೀಗೆ ಪೀಡಿಸುತ್ತಾರೇನ್ರೀ? ಕಾರಣ ಇರಲಿಲ್ಲ. ಬಂದಿತ್ತು, ಅಷ್ಟೇ.

ಅವನಿಗೆ ಸುಳ್ಳು ಹೇಳುವುದನ್ನು ನಾವೆಲ್ಲ ಕಲಿತದ್ದು ಆಗಲೇ. ‘ಇವತ್ತು ಮುಖ ಗೆಲುವಾಗಿದೆ ಅಣ್ಣ’ ಅನ್ನುತ್ತಿದ್ದೆ ನಾನು. ‘ನೆನ್ನೆಗಿಂತ ವಾಸಿ ಕಣ್ರೀ’ ಅನ್ನುತ್ತಿದ್ದರು ಮುನಿತಾಯಮ್ಮ ಅತ್ತಿಗೆ. ಬೆಳಿಗ್ಗೆಯಿಂದ ಅವನು ನಾಲ್ಕು ಮಾತಾಡಿರುತ್ತಿರಲಿಲ್ಲ. ಅವನು ನಮ್ಮ ಮುಖ ನೋಡಿ ತಲೆ ತಗ್ಗಿಸುತ್ತಿದ್ದ. ನಾವು ಸಮಾಧಾನಕ್ಕೆ ಹೇಳುತ್ತಿದ್ದೇವೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ಕಾಯಿಲೆ ಮಂಕು ಮಾಡಿತ್ತು, ದಡ್ಡನನ್ನಾಗಿ ಮಾಡಿರಲಿಲ್ಲ.

ಆದರೂ ಬೆಳಿಗ್ಗೆ ಆರು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗುವುದನ್ನು ಅವನು ಬಿಟ್ಟಿರಲಿಲ್ಲ. ಬೇರೆ ಯಾವುದಕ್ಕೂ ಏಳದವನು ಆ ಮೊದಲ ಬಾಟ್ಲಿಗೆ ಏಳುತ್ತಿದ್ದ. ಕುಡಿದು, ಕಣ್ಣೊರೆಸಿಕೊಂಡು, ಹೂಂ ಅನ್ನುತ್ತಿದ್ದ. ‘ಆ ಹೂಂ ಒಂದು ಕೇಳ್ಸಿದ್ರೆ ನನಗೆ ಜೀವ ಬರುತ್ತೆ ಕಣಮ್ಮ’ ಅಂತ ಅತ್ತಿಗೆ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದರೋ. ಅವನು ಇನ್ನೂ ನಮ್ಮ ಕೈಲಿದ್ದಾನೆ ಅನ್ನುವುದಕ್ಕೆ ನಮಗಿದ್ದದ್ದು ಅದೊಂದೇ ಗುರುತು. ಖಿನ್ನತೆಗೆ ಅಂತ ಡಾಕ್ಟರು ಕೊಟ್ಟ ಮಾತ್ರೆ ಎಂಟು ತಿಂಗಳು ನುಂಗಿದ. ಅರ್ಧ ವಾಸಿಯಾಯಿತು, ಅರ್ಧ ಅಲ್ಲೇ ನಿಂತಿತು.

ಇನ್ನು ನನ್ನ ವಿಷಯ. ವಿಜಯನಗರದ ಒಂದು ಆಸ್ಪತ್ರೆಯಲ್ಲಿ, ಹೆಸರು ಯಾಕೆ ಬಿಡಿ, ಔಷಧಿಗಳನ್ನು ಪರೀಕ್ಷೆ ಮಾಡುವ ಒಂದು ವಿಭಾಗವಿದೆ. ಪರೀಕ್ಷೆಗೆ ಸೇರುವ ರೋಗಿಗೆ ಒಪ್ಪಿಗೆ ಪತ್ರ ಕೊಡುತ್ತಾರೆ. ಹನ್ನೊಂದು ಪುಟ. ಓದಲು ಬಾರದವರಿಗೆ, ಓದಲು ಆಗದವರಿಗೆ ಅದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ಹೇಳಿ ಸಹಿ ಹಾಕಿಸುವುದು ನನ್ನ ಕೆಲಸ. ಅದರ ಕನ್ನಡವೋ, ದೇವರಿಗೇ ಪ್ರೀತಿ. ಇಂಗ್ಲಿಷಿನಿಂದ ಯಾರೋ ಅನುವಾದ ಮಾಡಿದ್ದು, ಬಾಯಲ್ಲಿ ಕಲ್ಲು ಹಾಕಿಕೊಂಡ ಹಾಗಿರುತ್ತದೆ. ಆದರೂ ಹದಿಮೂರು ವರ್ಷದಲ್ಲಿ ನಾನು ಒಂದು ಸಾಲು ನುಂಗಿದವಳಲ್ಲ. ರೋಗಿಗಳು ಆಕಳಿಸಿದರೂ ಬಿಡುತ್ತಿರಲಿಲ್ಲ. ‘ಲತಾ ಮೇಡಂ ಓದಿದ್ರೆ ದೇವ್ರು ಓದಿದ ಹಂಗೆ’ ಅಂತ ನಮ್ಮ ವಾರ್ಡಿನ ಆಯಾ ಹೇಳುತ್ತಿದ್ದಳು. ನನಗೂ ಒಳಗೊಳಗೇ ಜಂಬ ಇತ್ತು.

ಹೋದ ವರ್ಷ ಜನವರಿಯಲ್ಲಿ ನಮ್ಮಲ್ಲಿ ಹೊಸ ಪರೀಕ್ಷೆ ಶುರುವಾಯಿತು. ಅಸೆಟಜೋಲಮೈಡ್ ಅಂತ ಒಂದು ಮಾತ್ರೆ. ಹೊಸದೇನಲ್ಲ, ಕಣ್ಣಿನೊಳಗೆ ಒತ್ತಡ ಜಾಸ್ತಿಯಾದವರಿಗೆ, ಎತ್ತರದ ಬೆಟ್ಟ ಹತ್ತುವವರಿಗೆ ಬಹಳ ಕಾಲದಿಂದ ಕೊಡುವಂಥದ್ದು. ಖಿನ್ನತೆಯ ಮಾತ್ರೆಯಿಂದ ಅರ್ಧ ಮಾತ್ರ ವಾಸಿಯಾದವರಿಗೆ ಇದನ್ನೂ ಜೊತೆಗೆ ಕೊಟ್ಟರೆ ಗುಣ ಕಾಣುತ್ತದಾ ಅಂತ ನೋಡುವ ಯೋಚನೆ. ಎಂಟು ವಾರ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಅದೇ ಬಣ್ಣದ, ಒಳಗೆ ಔಷಧಿಯೇ ಇಲ್ಲದ ಸುಮ್ಮನೆ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅರ್ಧ ವಾಸಿಯಾದವರು ಅಂದ ತಕ್ಷಣ ನನಗೆ ಅಣ್ಣನ ಮುಖ ಕಣ್ಣಮುಂದೆ ಬಂತು. ನಮ್ಮ ಡಾಕ್ಟರು ಸಂಘಮಿತ್ರಾ ಅವರನ್ನು ಕೇಳಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬಹಳ ಕಟ್ಟುನಿಟ್ಟು. ‘ಸೇರಿಸ್ಬೋದು ಲತಾ ಅವ್ರೇ, ಆದ್ರೆ ಒಪ್ಪಿಗೆ ಪತ್ರ ನೀವು ಓದೋ ಹಾಗಿಲ್ಲ. ಬೇರೆಯವ್ರು ಓದ್ಲಿ’ ಅಂದರು.

ಬೇರೆಯವಳು ಅಂದರೆ ನನ್ನ ಜೊತೆ ಕೆಲಸ ಮಾಡುವ ಅನಘಾ. ಅಣ್ಣನನ್ನು ಹೇಗೋ ಎಬ್ಬಿಸಿ, ಅಂಗಿ ಹಾಕಿಸಿ, ಆಟೋದಲ್ಲಿ ಕರೆತಂದ ದಿನವೇ ಅವಳು ರಜೆ. ಇನ್ನೊಂದು ದಿನ ಕರೆದರೆ ಇವನು ಬರುತ್ತಾನೆ ಅನ್ನುವ ನಂಬಿಕೆ ನನಗಿರಲಿಲ್ಲ. ನಾನೇ ಓದುತ್ತೇನೆ ಅಂತ ಕೂತೆ. ಸಾಕ್ಷಿಗೆ ಅತ್ತಿಗೆ. ಎರಡು ಪುಟ ಓದಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ.

‘ಲತಾ, ತಲೆಗೆ ಹೋಗ್ತಿಲ್ಲ ಕಣೆ. ಇದ್ರಿಂದ ಏನಾದ್ರೂ ತೊಂದ್ರೆ ಆಗುತ್ತಾ, ಅದೊಂದು ಹೇಳು.’

‘ಬೆರಳು ಜುಮ್ಮನ್ಬೋದು. ಒಂದಕ್ಕೆ ಜಾಸ್ತಿ ಹೋಗ್ಬೇಕಾಗ್ಬೋದು. ಅಷ್ಟೇ ಅಣ್ಣ, ನಾನಿಲ್ವಾ?’

‘ನೀನಿದ್ರೆ ಸರಿ’ ಅಂದ. ಹನ್ನೊಂದನೇ ಪುಟ ತಿರುಗಿಸಿ ಕೊಟ್ಟೆ. ಸಹಿ ಹಾಕಿದ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಸುಮ್ಮನೆ ಮಾಡಿದ್ದಾರಾ? ಕಂಡವರಿಗೆಲ್ಲ ಅಕ್ಷರ ಅಕ್ಷರ ಓದಿದವಳು ಒಡಹುಟ್ಟಿದವನಿಗೆ ಒಂಬತ್ತು ಪುಟ ಹಾರಿಸಿದೆ. ಆರನೇ ಪುಟದಲ್ಲಿ ಒಂದು ಸಾಲಿತ್ತು. ‘ಕಾರ್ಬನ್ ಡೈ ಆಕ್ಸೈಡ್‌ಯುಕ್ತ ಪೇಯಗಳ ರುಚಿಯಲ್ಲಿ ವ್ಯತ್ಯಯ ಉಂಟಾಗಬಹುದು.’ ನೂರು ಜನಕ್ಕೆ ಅದನ್ನು ಓದಿದ್ದೆ, ನೂರು ಜನರಲ್ಲಿ ಒಬ್ಬರೂ ಏನದು ಅಂತ ಕೇಳಿರಲಿಲ್ಲ, ನಾನೂ ನಿಂತು ಯೋಚಿಸಿದವಳಲ್ಲ. ಅಣ್ಣನಿಗೆ ಓದಿದ್ದರೆ ಅವನು ಕೇಳುತ್ತಿದ್ದ. ಅವನ ಸಿಲಿಂಡರಿನ ಮೇಲೆ ದಪ್ಪಕ್ಷರದಲ್ಲಿ ಅದೇ ಹೆಸರು ಬರೆದಿರುತ್ತದೆ, ಮೂವತ್ತು ವರ್ಷದಿಂದ ನೋಡುತ್ತಿದ್ದಾನೆ. ಎಲ್ಲಿದ್ದರೂ ಕಿವಿ ನಿಮಿರುತ್ತಿತ್ತು.

ಐದನೇ ದಿನಕ್ಕೆ ಅಣ್ಣ ಫೋನು ಮಾಡಿ ಬೆರಳು ಜುಮ್ ಜುಮ್ ಅಂತಿದೆ ಅಂದ. ನನಗೆ ಕುಣಿದಾಡುವಷ್ಟು ಖುಷಿ. ಇವನಿಗೆ ಸಿಕ್ಕಿರುವುದು ನಿಜವಾದ ಮಾತ್ರೆಯೇ ಅಂತ ಲೆಕ್ಕ ಹಾಕಿದೆ. ಹಾಗೆ ಲೆಕ್ಕ ಹಾಕಬಾರದು, ಆದರೂ ಹಾಕಿದೆ. ಮನೆ ಹತ್ತಿರದ ಗಣಪತಿ ಗುಡಿಗೆ ಹೋಗಿ ತೆಂಗಿನಕಾಯಿ ಒಡೆದು ಬಂದೆ.

ಅದೇ ವಾರ ಅವನ ಮೊದಲ ಬಾಟ್ಲಿ ಸಪ್ಪೆಯಾಯಿತು.

ಅವನು ಯಾರಿಗೂ ಹೇಳಲಿಲ್ಲ. ಇದೆಲ್ಲ ಆಮೇಲೆ ಅತ್ತಿಗೆಯಿಂದ ನನಗೆ ತಿಳಿದದ್ದು. ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ, ಬಹಳ ಹೊತ್ತು ಹಾಗೇ ನಿಂತ. ಹೂಂ ಅನ್ನಲಿಲ್ಲ. ರಬ್ಬರು ಬದಲಾಯಿಸಿದ. ಮಾರನೇ ದಿನ ಸಿಲಿಂಡರು ಬದಲಾಯಿಸಿದ. ಆಮೇಲೆ ಗ್ಯಾಸಿನ ತಿರುಪು ಸಡಿಲ ಮಾಡಿದ, ದಿನಕ್ಕೊಂದಿಷ್ಟು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಸಮಯ, ಸೋಡಾಕ್ಕೆ ಅದೇ ಸುಗ್ಗಿ. ಅಂಗಡಿಗಳಲ್ಲಿ ಕುಡಿದವರು ಮೂಗು ಹಿಡಿದುಕೊಂಡು ಕೆಮ್ಮಿ, ‘ಏನ್ ಗುರು ಗ್ಯಾಸು, ತಲೆಗೇ ಹೊಡೀತು’ ಅಂತ ನಗುತ್ತಿದ್ದರು. ಕಮಲಾನಗರದಲ್ಲಿ ಬೀಡಾ ಅಂಗಡಿ ಇಟ್ಟಿರುವ ಚನ್ನಕೇಶವ ನಮ್ಮ ದೂರದ ನೆಂಟ, ‘ಸೋಡಾ ಈಗ ಭರ್ಜರಿಯಾಗೈತೆ ಅಣ್ಣ’ ಅಂದ. ನಮ್ಮಣ್ಣ ಅವನ ಮುಖ ನೋಡಿ, ಅವನ ಅಂಗಡಿಯ ಕ್ರೇಟುಗಳನ್ನೆಲ್ಲ ಮೊಪೆಡ್ಡಿಗೆ ಕಟ್ಟಿಕೊಂಡು ವಾಪಸು ತಂದ.

ಅತ್ತಿಗೆ ಕೆಲಸದ ಹೊತ್ತಲ್ಲೇ ನನಗೆ ಫೋನು ಮಾಡಿದರು. ‘ಲತಾ, ಬೇಗ ಬಾಮ್ಮ. ನಿಮ್ಮಣ್ಣ ಸೋಡಾ ಎಲ್ಲ ಒಂದೊಂದೇ ಒಡ್ದು ಮೋರಿಗೆ ಸುರೀತಾವ್ರೆ.’

ಹೋದೆ. ಕೊಟ್ಟಿಗೆ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಗೋಲಿ ಒತ್ತುವುದು, ಸುರಿಯುವುದು, ಖಾಲಿ ಬಾಟ್ಲಿ ಪಕ್ಕಕ್ಕಿಡುವುದು. ಮೋರಿಯ ನೀರೆಲ್ಲ ನೊರೆ ನೊರೆ. ನಾನು ಒಂದು ಬಾಟ್ಲಿ ಕಿತ್ತುಕೊಂಡು ಕುಡಿದೆ. ಅಬ್ಬಾ, ಗಂಟಲು ಸೀಳಿದ ಹಾಗಾಯಿತು, ಕಣ್ಣು ಮೂಗಲ್ಲೆಲ್ಲ ನೀರು.

‘ಚೆನ್ನಾಗಿದೆಯಲ್ಲೋ ಅಣ್ಣ! ಜಾಸ್ತಿನೇ ಇದೆ ಗ್ಯಾಸು!’

ಅವನು ತಲೆಯೆತ್ತಿ ನೋಡಿದ. ‘ನೀನೂ ಸುಳ್ಳು ಹೇಳ್ತೀಯ.’

‘ಯಾಕೆ ಸುಳ್ಳು ಹೇಳ್ಲಿ ನಾನು?’

‘ಒಂದು ವರ್ಷದಿಂದ ಹೇಳ್ತಾನೇ ಇದೀರಲ್ಲ ಎಲ್ರೂ. ಮುಖ ಗೆಲುವಾಗಿದೆ, ವಾಸಿಯಾಗಿದೆ ಅಂತ. ಪಾಪ ಅಂತ ಹೇಳ್ತೀರ. ನನಗೆ ಗೊತ್ತಾಗಲ್ವಾ? ಸೋಡಾ ಸತ್ತೋಗಿದೆ ಕಣೆ. ಅಪ್ಪ ಕೊಟ್ಟಿದ್ದು ಅದೊಂದಿತ್ತು ಕೈಲಿ, ಅದೂ ಹೋಯ್ತು.’

ನನಗೆ ಸಿಟ್ಟು ನೆತ್ತಿಗೇರಿತು. ರಜೆ ಹಾಕಿ ಓಡಿ ಬಂದಿದ್ದೆ, ನಾಲಿಗೆ ಇನ್ನೂ ಉರಿಯುತ್ತಿತ್ತು, ಇವನು ನೋಡಿದರೆ ಹೀಗೆ. ‘ನಾಟಕ ಮಾಡ್ಬೇಡ ಅಣ್ಣ, ಸಾಕು ಮಾಡು! ಎಲ್ರ ಪ್ರಾಣ ತಿಂತಿದೀಯ’ ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಹಾಸಿಗೆ ಹಿಡಿದವನನ್ನು ಎದ್ದು ಓಡು ಅಂದ ಹಾಗೆ. ಅವನು ಇನ್ನೊಂದು ಬಾಟ್ಲಿ ಎತ್ತಿಕೊಂಡ.

ಅಷ್ಟಾದರೂ ನನಗೆ ಹೊಳೆಯಲಿಲ್ಲ ನೋಡಿ. ಕಾಯಿಲೆಯೇ ಹೀಗೆ ಮಾತಾಡಿಸುತ್ತಿದೆ ಅಂದುಕೊಂಡೆ. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಸಂಘಮಿತ್ರಾ ಡಾಕ್ಟರು, ಬೇರೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದಾಗಲೆಲ್ಲ ಅವನು ‘ಏನಿಲ್ಲ ಮೇಡಂ’ ಅನ್ನುತ್ತಿದ್ದ. ತನ್ನ ಕಸುಬು ಕೈಬಿಟ್ಟಿತು ಅಂತ ಯಾವ ಗಂಡಸು ಡಾಕ್ಟರ ಹತ್ತಿರ ಹೇಳಿಕೊಳ್ಳುತ್ತಾನೆ? ಅದು ಔಷಧಿಗೆ ಸೇರಿದ ವಿಷಯ ಅಂತ ಅವನಿಗೆ ಗೊತ್ತಿದ್ದರೆ ತಾನೇ ಹೇಳುವುದು.

ನಾಲ್ಕನೇ ವಾರ, ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ಬಾಟ್ಲಿ ಸಿಡಿಯಿತು. ಅಣ್ಣ ದಿನಾ ತಿರುಪು ಸಡಿಲ ಮಾಡುತ್ತಲೇ ಇದ್ದ, ಅಷ್ಟು ಹೊತ್ತಿಗೆ ಗ್ಯಾಸು ಎಲ್ಲಿಗೋ ಹೋಗಿ ಮುಟ್ಟಿತ್ತು. ಅತ್ತಿಗೆ ಪಂಜರದಿಂದ ಬಾಟ್ಲಿ ತೆಗೆದು ಕ್ರೇಟಿಗೆ ಜೋಡಿಸುತ್ತಿದ್ದರು. ಬಲಗೈಯಲ್ಲಿ ಹಿಡಿದಿದ್ದ ಬಾಟ್ಲಿಯೇ ಸಿಡಿದು ಅಂಗೈ ಅಡ್ಡಕ್ಕೆ ಸೀಳಿತು. ಅಣ್ಣ ತನ್ನ ಪಂಚೆಯನ್ನೇ ಬಿಚ್ಚಿ ಅವರ ಕೈಗೆ ಸುತ್ತಿ, ಚಡ್ಡಿಯಲ್ಲೇ ಬೀದಿಗೆ ಓಡಿ ಆಟೋ ನಿಲ್ಲಿಸಿದನಂತೆ. ಹನ್ನೊಂದು ಹೊಲಿಗೆ. ಎರಡು ಬೆರಳಿನ ನರ ತುಂಡಾಗಿತ್ತು, ಆಪರೇಷನ್ನು ಮಾಡಿ ಜೋಡಿಸಿದರು. ಆದರೂ ಆ ಬೆರಳುಗಳು ಮೊದಲಿನ ಹಾಗೆ ಮಡಚಲಾರವು ಅಂದರು.

ಬುಧವಾರ ನಾನು ಆಸ್ಪತ್ರೆಯಲ್ಲಿ ಅತ್ತಿಗೆಯ ಪಕ್ಕ ಕೂತಿದ್ದಾಗ ಅಣ್ಣ ಗುಜರಿಯವನನ್ನು ಕರೆದು ಮಿಷನ್ನು ಕೊಟ್ಟುಬಿಟ್ಟ. ಪಂಜರ, ಚಕ್ರ, ಬಾಟ್ಲಿ, ಕ್ರೇಟು ಎಲ್ಲ. ಅವನು ಎಷ್ಟಂದನೋ ಅಷ್ಟಕ್ಕೆ. ಸಂಜೆ ನಾನು ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ನೆಲದ ಮೇಲೆ ನಾಲ್ಕು ಬೋಲ್ಟಿನ ತೂತು ಮಾತ್ರ ಇತ್ತು.

‘ಯಾಕಣ್ಣ ಹಿಂಗ್ ಮಾಡ್ದೆ?’

‘ಇನ್ನೊಬ್ರ ಕೈ ಹೋಗೋದು ಬೇಡ ಅಂತ’ ಅಂದ. ಅವತ್ತಿನಿಂದ ಬೆಳಿಗ್ಗೆ ಏಳುವುದನ್ನೂ ಬಿಟ್ಟ.

ಅದಾದ ಐದನೇ ದಿನ ನಾನು ಕೆಲಸಕ್ಕೆ ಹೋದೆ. ದೀಪಾಂಜಲಿ ನಗರದಿಂದ ಬಂದಿದ್ದ ಒಬ್ಬ ಅಜ್ಜಿಗೆ ಒಪ್ಪಿಗೆ ಪತ್ರ ಓದುತ್ತಿದ್ದೆ. ಆರನೇ ಪುಟಕ್ಕೆ ಬಂದೆ. ಯಾವತ್ತಿನ ಹಾಗೆ ಕಾರ್ಬನ್ ಡೈ ಆಕ್ಸೈಡ್‌ಯುಕ್ತ ಪೇಯಗಳು ಅಂತ ಓದಿ ಮುಂದಕ್ಕೆ ಹೊರಟಿದ್ದೆ, ಅಜ್ಜಿ ಕೈ ಅಡ್ಡ ಹಿಡಿದರು.

‘ತಾಳವ್ವ. ಅದೇನೋ ಅಂದ್ಯಲ್ಲ, ಹಂಗಂದ್ರೇನು?’

‘ಅದಾ ಅಜ್ಜಿ? ಈ ಗೋಲಿ ಸೋಡಾ ಇರಲ್ವಾ, ಈ ಮಾತ್ರೆ ತಗೊಂಡವ್ರಿಗೆ ಅದು ಸಪ್ಪೆ…’

‘ಯಾಕವ್ವ, ನಿಲ್ಲಿಸ್ಬಿಟ್ಟೆ?’ ಅಂತ ಅಜ್ಜಿ ಕೇಳುತ್ತಿದ್ದರು. ನಾನು ಕಾಗದ ಅಲ್ಲೇ ಬಿಟ್ಟು ಸಂಘಮಿತ್ರಾ ಡಾಕ್ಟರ ಕೋಣೆಗೆ ಓಡಿದೆ. ಹೇಳಿದೆ, ಎಲ್ಲ ಹೇಳಿದೆ, ಒಂಬತ್ತು ಪುಟ ಹಾರಿಸಿದ್ದನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

‘ಸೋಡಾ ನಾಲಿಗೆ ಕಚ್ಚೋದು ಬರೀ ಗುಳ್ಳೆಯಿಂದ ಅಲ್ಲ ಲತಾ ಅವ್ರೇ. ಗ್ಯಾಸು ನಾಲಿಗೆ ಮೇಲೆ ಹುಳಿಯಾಗಿ ಬದಲಾಗುತ್ತೆ, ಅದನ್ನ ಮಾಡೋಕೆ ನಮ್ಮ ದೇಹದಲ್ಲೇ ಒಂದು ಕಿಣ್ವ ಇದೆ. ಈ ಮಾತ್ರೆ ಮಾಡೋದೇ ಆ ಕಿಣ್ವಾನ ಕಟ್ಟಿಹಾಕೋ ಕೆಲ್ಸ. ಮಾತ್ರೆ ಇವತ್ತೇ ನಿಲ್ಲಿಸಿ. ಎರಡು ಮೂರು ದಿನಕ್ಕೆ ನಾಲಿಗೆ ಸರಿಹೋಗುತ್ತೆ.’ ಆಮೇಲೆ ಮೆಲ್ಲಗೆ, ‘ಅವ್ರು ಸೋಡಾ ಮಾಡ್ತಾರೆ ಅಂತ ನೀವು ಒಂದಿನಾನೂ ನನಗೆ ಹೇಳ್ಲಿಲ್ಲ’ ಅಂದರು.

ಹೇಳಿರಲಿಲ್ಲ. ವಿಳಾಸದ ಕೆಳಗೆ ಉದ್ಯೋಗ ಅಂತ ಇದ್ದ ಕಡೆ ‘ಸ್ವಂತ ವ್ಯಾಪಾರ’ ಅಂತ ನಾನೇ ಬರೆದಿದ್ದೆ. ಆಸ್ಪತ್ರೆಯವರು ನನ್ನ ಮೇಲೆ ವಿಚಾರಣೆ ನಡೆಸಿ ಆ ಕೆಲಸದಿಂದ ತೆಗೆದು ರಿಜಿಸ್ಟರು ಬರೆಯುವುದಕ್ಕೆ ಹಾಕಿದರು. ಸರಿಯಾಗೇ ಮಾಡಿದರು. ನಾನು ಆ ಮಧ್ಯಾಹ್ನವೇ ಮೈಸೂರು ರಸ್ತೆಯ ಗುಜರಿ ಅಂಗಡಿಗೆ ಓಡಿದ್ದೆ. ಬಾಟ್ಲಿಗಳು ಎಲ್ಲಿಗೋ ಹೋಗಿದ್ದವು, ಮಿಷನ್ನನ್ನು ಗ್ಯಾಸ್ ಕಟ್ಟರಿನಲ್ಲಿ ಕೊಯ್ದು ತೂಕಕ್ಕೆ ಹಾಕಿ ಆಗಿತ್ತು.

ಸತ್ಯ ಹೇಳಿದರೆ ಅಣ್ಣನಿಗೆ ಬಿಡುಗಡೆಯಾಗುತ್ತದೆ ಅಂದುಕೊಂಡೆ. ನಿನ್ನ ಕಸುಬು ಸತ್ತಿರಲಿಲ್ಲ ಕಣೋ, ಮಾತ್ರೆ ಮಾಡಿದ ಕಿತಾಪತಿ ಅದು ಅಂದರೆ ಎದ್ದು ಕೂರುತ್ತಾನೆ ಅಂತ. ಮಾತ್ರೆ ಬಿಟ್ಟ ನಾಲ್ಕನೇ ದಿನ ಅವನನ್ನು ಬಲವಂತವಾಗಿ ಎಬ್ಬಿಸಿ ಚನ್ನಕೇಶವನ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಈಗ ಬೇರೆ ಯಾರದೋ ಸೋಡಾ. ‘ಕುಡಿ’ ಅಂದೆ. ‘ಬೇಡ’ ಅಂದ. ‘ನನ್ನಾಣೆ, ಒಂದು ಗುಟುಕು’ ಅಂದೆ.

ಕುಡಿದ. ಅಭ್ಯಾಸಬಲ, ಕಣ್ಣು ತಾನಾಗಿ ಮುಚ್ಚಿತು. ಕತ್ತಿನ ನರ ಎದ್ದಿತು. ಕಣ್ಣು ಬಿಟ್ಟಾಗ ನೀರಾಡುತ್ತಿತ್ತು. ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ, ನನ್ನನ್ನು ನೋಡಿದ.

ಅಲ್ಲೇ ನಿಂತು ಎಲ್ಲ ಹೇಳಿದೆ. ಚನ್ನಕೇಶವ ಬೀಡಾ ಕಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದ.

‘ಹಂಗಾದ್ರೆ ನನ್ನ ಸೋಡಾ ಸರಿಯಾಗೇ ಇತ್ತಾ?’

‘ಇತ್ತು ಅಣ್ಣ.’

‘ಇವ್ನು ಭರ್ಜರಿಯಾಗೈತೆ ಅಂದಿದ್ದು ನಿಜಾನಾ? ನೀನು ಹೇಳಿದ್ದೂ?’

‘ಹೂಂ ಕಣೋ. ಎಲ್ರೂ ನಿಜಾನೇ ಹೇಳಿದ್ದು.’

ಅವನ ಮುಖ ಅರಳುತ್ತದೆ ಅಂತ ಕಾಯುತ್ತಾ ನಿಂತಿದ್ದೆ. ಅವನು ಬಾಟ್ಲಿಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ.

‘ಸರಿಯಾಗಿರೋ ಸೋಡಾಕ್ಕೆ ಗ್ಯಾಸು ತುಂಬಿ ತುಂಬಿ ಅವಳ ಕೈ ಒಡ್ದೆ’ ಅಂದ. ‘ಸುಮ್ ಸುಮ್ನೆ.’

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಲ್ಲಿಯವರೆಗೆ ಅವನ ದುಃಖಕ್ಕೆ ಕಾರಣವೇ ಇರಲಿಲ್ಲ, ನಾನು ಕೈಯಾರೆ ಒಂದು ತಂದುಕೊಟ್ಟೆ. ‘ತಪ್ಪು ನಂದು ಅಣ್ಣ, ನಾನು ಓದ್ಲಿಲ್ಲ, ನನಗೆ ಹೊಡಿ, ಬಯ್ಯಿ’ ಅಂತ ಬೀದಿಯಲ್ಲೇ ಅತ್ತೆ. ಅವನು ಬಯ್ಯಲಿಲ್ಲ. ‘ನಡಿ, ಅವಳೊಬ್ಳೇ ಇದಾಳೆ’ ಅಂತ ಮುಂದೆ ನಡೆದ. ಬಯ್ದಿದ್ದರೆ ಚೆನ್ನಾಗಿತ್ತು.

ಇದಾಗಿ ಒಂದು ವರ್ಷವಾಯಿತು. ಹಳೆಯ ಮಾತ್ರೆಯ ಜೊತೆ ಸಂಘಮಿತ್ರಾ ಡಾಕ್ಟರು ಬೇರೆ ಏನೋ ಕೊಡುತ್ತಿದ್ದಾರೆ. ಅಸೆಟಜೋಲಮೈಡಿನಿಂದ ಬೇರೆಯವರಿಗೆ ಗುಣ ಕಂಡಿತಾ ಅಂತ ನನಗೆ ಗೊತ್ತಿಲ್ಲ, ಪರೀಕ್ಷೆಯ ಫಲ ಇನ್ನೂ ಬಂದಿಲ್ಲ. ಮಗಳೂ ಅಳಿಯನೂ ಹೊಸ ಮಿಷನ್ನು ಕೊಡಿಸುತ್ತೇವೆ ಅಂತ ಎರಡು ಸಲ ಬಂದು ಕೇಳಿದರು. ಅಣ್ಣ ಬೇಡ ಅಂದ. ಕೊಟ್ಟಿಗೆಯನ್ನು ಯಾರೋ ಗಾಡಿ ನಿಲ್ಲಿಸುವುದಕ್ಕೆ ಬಾಡಿಗೆಗೆ ತೆಗೆದುಕೊಂಡಿದ್ದಾರೆ. ಆಟೋದವರು ಈಗಲೂ ಸೋಡಾ ನಂಜುಂಡಪ್ಪ ಅಂತಲೇ ಅನ್ನುತ್ತಾರೆ.

ಅತ್ತಿಗೆಯ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಮುದ್ದೆ ತೊಳಸುವ ಕೋಲು ಹಿಡಿಯಲು ಆಗುವುದಿಲ್ಲ. ಹಾಗಾಗಿ ಅಣ್ಣನೇ ಅಡಿಗೆಮನೆಗೆ ಹೋಗುತ್ತಾನೆ. ಪಾತ್ರೆಯನ್ನು ಎರಡು ಕಾಲಿನ ಮಧ್ಯೆ ಒತ್ತಿಕೊಂಡು, ಬೆವರು ಸುರಿಸಿಕೊಂಡು ತೊಳಸುತ್ತಾನೆ. ಅವರ ತಲೆ ಬಾಚಿ ಜಡೆ ಹೆಣೆಯುತ್ತಾನೆ. ಮಾತು ಕಡಿಮೆ. ಏಳುವುದಂತೂ ಏಳು ಗಂಟೆಗೆ ಏಳುತ್ತಾನೆ, ಅವರಿಗೆ ಹೊಟ್ಟೆಗೆ ಆಗಬೇಕಲ್ಲ.

ಹೋದ ಭಾನುವಾರ ಊಟಕ್ಕೆ ಹೋಗಿದ್ದೆ. ನನಗೂ ಅತ್ತಿಗೆಗೂ ಮುದ್ದೆ ಬಡಿಸಿ, ಸೊಪ್ಪಿನ ಸಾರು ಬಿಟ್ಟು, ಎದುರಿಗೆ ನಿಂತ. ನಾನು ಒಂದು ತುತ್ತು ಮುರಿದು ನುಂಗಿದೆ. ಒಳಗೆ ಹಿಟ್ಟಿನ ಗಂಟು ಹಾಗೇ ಇತ್ತು.

‘ಹೆಂಗಿದೆ?’ ಅಂದ.

‘ಚೆನ್ನಾಗಿದೆ ಅಣ್ಣ’ ಅಂದೆ.

ಅವನು ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಆಮೇಲೆ ಹೆಂಡತಿಯ ಕಡೆ ತಿರುಗಿ, ‘ನೀನು ಹೇಳೇ’ ಅಂದ.

‘ಗಂಟೈತೆ ಕಣ್ರೀ, ಇನ್ನೊಂಚೂರು ತೊಳಸ್ಬೇಕಿತ್ತು’ ಅಂದರು ಅತ್ತಿಗೆ.

ಅವನು ತಲೆಯಾಡಿಸಿ, ನನ್ನ ತಟ್ಟೆಯ ಮುದ್ದೆಯನ್ನೂ ಎತ್ತಿಕೊಂಡು ಒಳಗೆ ಹೋದ.